ಕುರ್ಲಾದ ಫಿಯಟ್ಟೂ ಮಿಸ್ತ್ರಿಯ ಸುತ್ತಿಗೆಯೂ

2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮುಂಬಯಿಯ ಬೀದಿಗಳಿಂದ ಹಳೆಯ ಗೆಳೆಯನೊಬ್ಬ ಮರೆಯಾದ. ನೋಂದಣಿಯಾಗಿದ್ದ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ತುಂಬಿ, ನಿಯಮದ ಪ್ರಕಾರ ಅದು ನಿವೃತ್ತಿ ಹೊಂದಿತು. ಊರಿನಿಂದ ಬಂದು ದಾದರಿನಲ್ಲೋ ವಿ.ಟಿ.ಯಲ್ಲೋ ಇಳಿದು, ಟ್ರಂಕು ಹಾಸಿಗೆಗಳನ್ನು ಅದರ ನೆತ್ತಿಯ ಮೇಲೆ ಕಟ್ಟಿಸಿ ಮೊದಲ ಬಿಡಾರ ಸೇರಿದ ಕನ್ನಡಿಗರು ಎಷ್ಟು ಮಂದಿಯೋ! ಹಗಲಿರುಳು ದುಡಿದ ಆ ಗಾಡಿ ಅಷ್ಟು ಕಾಲ ಬಾಳಿದ್ದು ಹೇಗೆ ಎಂದು ಕೇಳಿದರೆ, ಉತ್ತರದ ಅರ್ಧಭಾಗ ಮಾತ್ರ ಕಾರ್ಖಾನೆಯಲ್ಲಿದೆ. ಉಳಿದರ್ಧ ಗಲ್ಲಿಯ ಗ್ಯಾರೇಜುಗಳಲ್ಲಿದೆ.

ಕಾರ್ಖಾನೆಯ ಕಥೆಯಲ್ಲಿ ನಮ್ಮವರೊಬ್ಬರ ಪಾಲೂ ಇದೆ. ದೇಶದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಅವರೊಡನೆ ಕೈಗೂಡಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ವಿದೇಶೀ ಸರ್ಕಾರದ ನಿರುತ್ಸಾಹದಿಂದ ಆ ಯೋಜನೆ ಆಗ ಕೈಗೂಡಲಿಲ್ಲ. 1944ರಲ್ಲಿ ವಾಲ್‌ಚಂದರು ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಗಾಡಿಗಳ ಜೋಡಣೆ ನಡೆಯಿತು, 1950ರ ದಶಕದಲ್ಲಿ ಇಟಲಿಯ ಫಿಯಟ್ ಬಂತು. 1974ರ ಹೊತ್ತಿಗೆ ಅದೇ ಫಿಯಟ್ 1100 ‘ಪದ್ಮಿನಿ’ಯೆಂಬ ಹೆಸರು ತಳೆಯಿತು.

ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲೇ ತಯಾರಿಸಬೇಕು ಎಂಬುದು 1953ರ ಸುಮಾರಿನ ಸರ್ಕಾರಿ ನೀತಿ. ಫೋರ್ಡ್, ಜನರಲ್ ಮೋಟರ್ಸ್‌ಗಳು ಜೋಡಣೆ ನಿಲ್ಲಿಸಿದವು. ಮುಂದೆ ಮೂರು ದಶಕ ಕಾರು ಕೊಳ್ಳುವವರಿಗೆ ಉಳಿದದ್ದು ಮುಖ್ಯವಾಗಿ ಮೂರೇ ದಾರಿ: ಕಲ್ಕತ್ತಾ ಬಳಿಯ ಅಂಬಾಸಡರ್, ಮದರಾಸಿನ ಸ್ಟ್ಯಾಂಡರ್ಡ್, ಮುಂಬಯಿಯ ಫಿಯಟ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗೆ ಕಾದು ಪಡೆದದ್ದನ್ನು ಯಾರು ತಾನೇ ಹಾಳುಗೆಡವಿಯಾರು? ಕಾರಿನ ಆರೈಕೆ ನಮ್ಮಲ್ಲಿ ಗೃಹಕೃತ್ಯವಾದದ್ದು ಈ ಅಭಾವದಿಂದಲೇ.

ಬೆಳಿಗ್ಗೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡುವುದು, ರೇಡಿಯೇಟರಿಗೆ ನೀರು, ಬ್ಯಾಟರಿಗೆ ಶುದ್ಧ ಜಲ. ಪ್ಲಗ್ ಬಿಚ್ಚಿ ಮಸಿ ಒರೆಸುವುದು, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜುಕಾಗದದಿಂದ ತೀಡಿ ಅಂತರ ಸರಿಪಡಿಸುವುದು, ಕೀಲುಗಳಿಗೆ ಗ್ರೀಸ್ ಒತ್ತಿಸುವುದು. ವರ್ಷಗಳುರುಳಿದ ಮೇಲೆ ಇಂಜಿನಿನ ತಲೆ ಬಿಚ್ಚಿ ಒಳಗಿನ ಇದ್ದಿಲು ಕೆರೆಸುವುದೂ ಇತ್ತು. ಹೊಸ ಬಿಡಿಭಾಗ ಸಿಗದಿದ್ದರೆ ಹಳೆಯದಕ್ಕಾಗಿ ಮುಂಬಯಿಯವರಿಗೆ ಕುರ್ಲಾ, ಮದರಾಸಿನವರಿಗೆ ಪುದುಪೇಟೆ, ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ.

ಢಿಕ್ಕಿಯಾದಾಗ ಮಿಸ್ತ್ರಿಯ ವಿದ್ಯೆ ಮೆರೆಯುತ್ತಿತ್ತು. ತಗ್ಗಾದ ಮಡ್‌ಗಾರ್ಡನ್ನು ಎಸೆಯುವ ಮಾತೇ ಇಲ್ಲ. ತಗಡಿನ ಹಿಂದೆ ಕಬ್ಬಿಣದ ಗುಂಡು ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಹದವಾಗಿ ತಟ್ಟುತ್ತ, ಅಂಗೈ ಸವರಿ ಏರುತಗ್ಗು ತಿಳಿಯುತ್ತಿದ್ದರು. ಉಳಿದ ಗುಳಿಗಳಿಗೆ ಪುಟ್ಟಿ, ಅದನ್ನು ನೀರು ಹಾಕಿ ಉಜ್ಜಿದ ಮೇಲೆ ಪ್ರೈಮರ್, ಕೊನೆಗೆ ಬಣ್ಣ. ವಾರ ಕಳೆದರೆ ಪೆಟ್ಟು ಬಿದ್ದ ಗುರುತೇ ಇರುತ್ತಿರಲಿಲ್ಲ.

ಆದರೆ ಗುರುತು ಅಳಿಸುವುದೇ ದುರಸ್ತಿಯೆ? ಗ್ಯಾರೇಜಿನ ದಾರಿಗಿಂತ ಮೊದಲು ಹಿಡಿಯಬೇಕಾದ ದಾರಿಯೊಂದುಂಟು. 1939ರ ಮೋಟಾರು ವಾಹನಗಳ ಕಾಯಿದೆ, ಗಾಯಗೊಂಡವನಿಗೆ ವೈದ್ಯರ ನೆರವು ಒದಗಿಸುವುದನ್ನೂ ಪೊಲೀಸರಿಗೆ ತಿಳಿಸುವುದನ್ನೂ ಚಾಲಕನ ಕರ್ತವ್ಯವೆಂದು ವಿಧಿಸಿತು. 1946ರ ಜುಲೈ 1ರಿಂದ ಇತರರಿಗಾಗುವ ಹಾನಿಗೆ ವಿಮೆ ಕಡ್ಡಾಯವಾಯಿತು. 1956ರ ತಿದ್ದುಪಡಿ ಪರಿಹಾರಕ್ಕಾಗಿ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶವಿತ್ತಿತು. 1988ರ ಹೊಸ ಕಾಯಿದೆಯೂ ಈ ಕರ್ತವ್ಯಗಳನ್ನು ಉಳಿಸಿಕೊಂಡಿತು. ಪೊಲೀಸರ ಕಾಗದಪತ್ರಕ್ಕೆ ಕಾಯದೆ ವೈದ್ಯರು ಮೊದಲು ಜೀವ ಉಳಿಸಬೇಕೆಂದು 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೆರವಿಗೆ ಬಂದ ದಾರಿಹೋಕನಿಗೆ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿತು. ಕಡ್ಡಾಯ ವಿಮೆಯ ಉದ್ದೇಶ ನಮ್ಮ ಗಾಡಿಯ ಬಣ್ಣವಲ್ಲ, ಎದುರಿನವನ ಜೀವ ಎಂಬುದನ್ನು ಮರೆಯಬಾರದು. ಸ್ವಂತ ಕಾರಿನ ದುರಸ್ತಿಗೆ ಬೇರೆ ವಿಮೆಯೇ ಬೇಕು. ಅದಿದ್ದರೂ ಕಂಪನಿಗೆ ತಿಳಿಸಿ, ಅವರ ಕಡೆಯವರು ನೋಡುವ ಮೊದಲೇ ಗಾಡಿ ಬಿಚ್ಚಿಸಿದರೆ ಹಣ ಸಿಗುವುದು ಕಷ್ಟ.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಕ್ರಮೇಣ ಅಭಾವ ನೀಗಿತು, ಗಾಡಿಯ ಸ್ವಭಾವವೂ ಬದಲಾಯಿತು. ಪೆಟ್ಟನ್ನು ತಾನೇ ನುಂಗಿ ಕುಸಿಯುವ ಮುಂಭಾಗ, ಕುಸಿಯದೆ ಒಳಗಿನವರನ್ನು ಕಾಯುವ ನಡುಭಾಗ: ಮರ್ಸಿಡಿಸ್ ಸಂಸ್ಥೆಯ ಇಂಜಿನಿಯರ್ ಬೇಲಾ ಬರೇನಿಯವರ ಈ ಕಲ್ಪನೆ 1959ರಲ್ಲಿ ಕಾರಿನಲ್ಲಿ ಮೂರ್ತರೂಪ ಪಡೆದು ಬಳಿಕ ಎಲ್ಲೆಡೆ ಹರಡಿತು. ನಮ್ಮಲ್ಲಿ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಹೀಗೆ ಒಮ್ಮೆ ಕುಸಿದ ಭಾಗವನ್ನು ತಟ್ಟಿ ನೇರ ಮಾಡಿದರೆ ಅದು ಮೊದಲಿನ ಹಾಗೆ ಪೆಟ್ಟು ತಡೆಯುವ ಭರವಸೆಯಿಲ್ಲ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಮತ್ತೆ ಬಳಕೆಗೆ ಬಾರದು. ಢಿಕ್ಕಿಯ ನಂತರ ಸ್ಟಿಯರಿಂಗ್ ಒಂದು ಕಡೆಗೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆದರೆ, ಹೊಳೆಯುವ ಬಣ್ಣದ ಕೆಳಗೆ ಇನ್ನೂ ಗಾಯವಿರಬಹುದೆಂದು ತಿಳಿಯಬೇಕು. ಚಕ್ರಗಳ ಜೋಡಣೆಯನ್ನೂ ಅಡಿಯ ಚೌಕಟ್ಟನ್ನೂ ಅಳೆದು ನೋಡದೆ ಅಂಥ ಗಾಡಿ ರಸ್ತೆಗಿಳಿಯಬಾರದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗಂತೂ ಈ ಎಚ್ಚರ ಅಗತ್ಯ.

ಇಷ್ಟಕ್ಕೆ ಹಳೆಯ ಮಿಸ್ತ್ರಿಯ ವಿದ್ಯೆ ಹಳಸಿತೆಂದಲ್ಲ. ದಿನವೂ ಬಾನೆಟ್ ಎತ್ತಿ ನೋಡುತ್ತಿದ್ದ ಆ ಕಾಳಜಿ, ಟೈರಿನ ಗಾಳಿ, ಬ್ರೇಕಿನ ಎಣ್ಣೆಗಳ ವಿಷಯದಲ್ಲಿ ಇಂದಿಗೂ ಅಷ್ಟೇ ಬೇಕು. ಅಭಾವದ ಕಾಲ ನಮಗೆ ಗಾಡಿಯನ್ನು ಉಳಿಸಿಕೊಳ್ಳುವುದನ್ನು ಕಲಿಸಿತು. ಆ ಆರೈಕೆಯೆಲ್ಲ ಗಾಡಿಯೊಳಗಿನ ಮತ್ತು ಗಾಡಿಯೆದುರಿನ ಮನುಷ್ಯರಿಗಾಗಿ ಎಂಬ ಅರಿವು ಅದರೊಡನೆ ಸೇರಿದರೆ, ಕುರ್ಲಾದ ಆ ಹಳೆಯ ಗೆಳೆಯ ಕಲಿಸಿದ ಪಾಠ ಪೂರ್ತಿಯಾದೀತು.