ಪಂಜಕೆಂಟ್‌ನ ಬಳೆ, ಚಾತ್‌ಳ ಕರಾರು

ತಾಜಿಕಿಸ್ತಾನದ ಜರಾಫ್ಶಾನ್ ನದಿಯ ಕಣಿವೆಯಲ್ಲಿ ಪಂಜಕೆಂಟ್ ಎಂಬ ಪ್ರದೇಶವಿದೆ. ಇಲ್ಲಿನ ಸರಾಜ್ಮ್ ಎಂಬಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ಊರೊಂದರ ಅವಶೇಷಗಳಿವೆ. 2010ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಸಮಾಧಿಯಾಗಿದ್ದ ಮಹಿಳೆಯೊಬ್ಬಳ ಜೊತೆ ಕಡಲ ಚಿಪ್ಪಿನ ಬಳೆಗಳು ಸಿಕ್ಕಿವೆ. ಸಮುದ್ರವೇ ಇಲ್ಲದ ಆ ನಾಡಿಗೆ ಅವು ದೂರದಿಂದ ವ್ಯಾಪಾರದ ದಾರಿಯಲ್ಲಿ ಬಂದಿರಬೇಕು.

ಮುಂದೆ 5ನೇ ಶತಮಾನದಲ್ಲಿ ಸೊಗ್ಡಿಯನ್ನರ ಪಂಜಕೆಂಟ್ ನಗರ ಬೆಳೆಯಿತು. ಅದರ ಮನೆಗಳ ಗೋಡೆಚಿತ್ರಗಳಲ್ಲಿ ನಮ್ಮ ಪಂಚತಂತ್ರದ ಸಿಂಹ-ಮೊಲದ ಕಥೆಯೂ ಇದೆ. 722ರಲ್ಲಿ ಅರಬ್ ಸೇನೆ ದೊರೆ ದೇವಾಶ್ತಿಚ್‌ನನ್ನು ಸೆರೆಹಿಡಿದು ಕೊಂದಿತು; ನಗರ ಬೆಂಕಿಗೆ ಆಹುತಿಯಾಯಿತು.

ಅವನು ಕೊನೆಗೆ ಆಶ್ರಯ ಪಡೆದಿದ್ದ, ನದಿಯ ಮೇಲ್ದಂಡೆಯ ಮುಗ್ ಬೆಟ್ಟದ ಕೋಟೆಯಲ್ಲಿ 1930ರ ದಶಕದಲ್ಲಿ ಹಳೆಯ ಪತ್ರಗಳು ದೊರೆತವು. ಅವುಗಳಲ್ಲೊಂದು, ಚರ್ಮದ ಮೇಲೆ ಬರೆದ ಸುಮಾರು 710ರ ಮದುವೆಯ ಕರಾರು. ವಧು ಚಾತ್, ವರ ಉತ್‌ತೆಗಿನ್. ಅವಳ ಒಪ್ಪಿಗೆಯಿಲ್ಲದೆ ಗಂಡ ಇನ್ನೊಬ್ಬಳನ್ನು ತಂದುಕೊಂಡರೆ 30 ಬೆಳ್ಳಿ ನಾಣ್ಯ ತೆರಬೇಕು. ಬಾಳುವೆ ಬೇಡವೆನಿಸಿದರೆ ಅವಳೂ ಬಿಟ್ಟು ಹೋಗಬಹುದು.

ಅರಮನೆ ಮಣ್ಣಾಯಿತು, ಬರೆದಿಟ್ಟಿದ್ದರಿಂದ ಚಾತ್‌ಳ ಹೆಸರೂ ಹಕ್ಕೂ 1300 ವರ್ಷ ಉಳಿದವು. ನಮ್ಮ ಮನೆಯ ಕಾಗದಪತ್ರಗಳಲ್ಲೂ ನಮ್ಮ ಹೆಸರಿರಲಿ, ಗೆಳತಿಯರೇ.