ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಹೆರಿಗೆಯಾದ ಮೇಲೆ 40 ದಿನ ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಹೊಟ್ಟೆ ಇಳಿಯುವುದಿಲ್ಲ, ಹೊಲಿಗೆ ಕೀವಾಗುತ್ತದೆ, ಹಾಲು ಕುಡಿದ ಮಗುವಿಗೆ ಶೀತವಾಗುತ್ತದೆ. ಈ ಮಾತು ಅಜ್ಜಿಯರ ಬಾಯಿಂದ ಈಗ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದಿದೆ. ಕೆಲವು ಮನೆಗಳಲ್ಲಿ ದಿನಕ್ಕೆ ಒಂದೆರಡು ಲೋಟ ಬಿಸಿನೀರಷ್ಟೇ ಬಾಣಂತಿಯ ಪಾಲು. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಹೊಟ್ಟೆ ಏಕೆ ದೊಡ್ಡದಾಗಿ ಕಾಣುತ್ತದೆ?

ಹೆರಿಗೆಯಾದ ತಕ್ಷಣ ಗರ್ಭಕೋಶದ ತೂಕ ಸುಮಾರು 1 ಕೆ.ಜಿ. ಇರುತ್ತದೆ. ಒಂದು ವಾರದಲ್ಲಿ ಅದು ಅರ್ಧ ಕೆ.ಜಿ.ಗೆ ಇಳಿದು, ಆರು ವಾರಗಳಲ್ಲಿ 100 ಗ್ರಾಂಗಿಂತ ಕಡಿಮೆಯಾಗುತ್ತದೆ. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆಯ ಸ್ನಾಯುಗಳು ಬಿಗಿಯಾಗಲು ಇನ್ನೂ ಹೆಚ್ಚು ಸಮಯ ಬೇಕು. ಹೊಟ್ಟೆ ಮುಂದೆ ಬಂದಿರುವುದಕ್ಕೆ ಕಾರಣ ಇವು. ಕುಡಿದ ನೀರು ಹೊಟ್ಟೆಯಲ್ಲಿ ಸಂಗ್ರಹವಾಗಿ ನಿಲ್ಲುವುದಿಲ್ಲ. ಅದು ಕರುಳಿನಿಂದ ರಕ್ತಕ್ಕೆ ಸೇರಿ, ಹೆಚ್ಚಾದದ್ದು ಮೂತ್ರವಾಗಿ ಹೊರಹೋಗುತ್ತದೆ.

ಹೊಲಿಗೆಯ ಕೀವಿಗೆ ಕಾರಣ ರೋಗಾಣುಗಳು. ಅದನ್ನು ತಡೆಯುವುದು ಸ್ವಚ್ಛತೆ ಮತ್ತು ವೈದ್ಯರು ಹೇಳಿದ ಔಷಧ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗಿ, ಮುಕ್ಕುವಾಗ ಹೊಲಿಗೆಯ ಮೇಲೆಯೇ ಒತ್ತಡ ಬೀಳುತ್ತದೆ. ಉರಿಮೂತ್ರದ ಸೋಂಕೂ ಬರಬಹುದು. ಇನ್ನು ಮಗುವಿನ ಶೀತ ಬರುವುದು ವೈರಾಣುವಿನಿಂದ, ತಾಯಿ ಕುಡಿದ ನೀರಿನಿಂದಲ್ಲ.

ನೀರು ಕಡಿಮೆಯಾದರೆ ತಾಯಿಗೆ ಏನಾಗುತ್ತದೆ?

ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. ಬರೀ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ ಸುಮಾರು 750 ಮಿ.ಲೀ. ಹಾಲು ಬೇಕು. ಬಾಣಂತಿಗೆ ಬೆವರೂ ಹೆಚ್ಚು. ಕೋಣೆಯ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟರೆ ಇನ್ನೂ ಹೆಚ್ಚು. ತಾಯಿ ನೀರು ಕುಡಿಯದಿದ್ದರೂ ಹಾಲು ತಕ್ಷಣಕ್ಕೆ ನಿಲ್ಲುವುದಿಲ್ಲ. ದೇಹ ತನ್ನ ಪಾಲಿನ ನೀರನ್ನೇ ಹಾಲಿಗೆ ಕೊಡುತ್ತದೆ. ಅದಕ್ಕೇ ‘ಹಾಲು ಬರ್ತಿದೆಯಲ್ಲ, ನೀರು ಯಾಕೆ?’ ಎಂಬ ವಾದ ಸರಿಯಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೆರಿಗೆಯಲ್ಲಿ ರಕ್ತಸ್ರಾವ ಮಿತಿಮೀರದಂತೆ, ಗರ್ಭಾವಸ್ಥೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಈ ಗುಣ ಹೆರಿಗೆಯಾದ ಕೆಲವು ವಾರಗಳವರೆಗೂ ಉಳಿಯುತ್ತದೆ. ಇಂಥ ಸಮಯದಲ್ಲಿ ನೀರಿನ ಕೊರತೆಯಾದರೆ, ಅದರ ಜೊತೆ ಮಂಚ ಬಿಟ್ಟು ಏಳದೆ ಮಲಗಿದ್ದರೆ, ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚುತ್ತದೆ. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಮೆದುಳಿನಿಂದ ರಕ್ತ ಹೊರಬರುವ ನಾಳದಲ್ಲೂ ಹೆಪ್ಪು ಕಟ್ಟಬಹುದು. ಆಗ ವಿಪರೀತ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಕಾಲಿನಲ್ಲಿ ಬಲ ಕುಂದುವುದು ಕಾಣಿಸುತ್ತದೆ. ಭಾರತದಲ್ಲಿ ಬಾಣಂತಿಯರಲ್ಲಿ ಈ ಕಾಯಿಲೆಯನ್ನು ವೈದ್ಯರು ಬಹಳ ಕಾಲದಿಂದ ನೋಡುತ್ತಿದ್ದಾರೆ. ಇಂಥ ಲಕ್ಷಣಗಳನ್ನು ‘ಬಾಣಂತಿ ಸನ್ನಿ’, ‘ನಂಜು’ ಎಂದುಕೊಂಡು ಮನೆಯಲ್ಲೇ ಕಾದರೆ ಅಮೂಲ್ಯ ಸಮಯ ಹಾಳಾಗುತ್ತದೆ. ಬೇಗ ಆಸ್ಪತ್ರೆಗೆ ಹೋದರೆ ಚಿಕಿತ್ಸೆ ಇದೆ, ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ.

ಪಥ್ಯ ನೀರಿಗಷ್ಟೇ ಅಲ್ಲ

ನೀರು ಬೇಡ ಎನ್ನುವ ಮನೆಗಳಲ್ಲಿ ಬೇಳೆ ವಾಯು, ತರಕಾರಿ ತಂಪು, ಹಣ್ಣು ಶೀತ ಎಂದು ಅವೂ ತಟ್ಟೆಯಿಂದ ಹೋಗಿರುತ್ತವೆ. ಉಳಿಯುವುದು ಬಿಳಿ ಅನ್ನ ಮತ್ತು ಮೆಣಸಿನ ಸಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ವಿಟಮಿನ್ ತೀರಾ ಕಡಿಮೆ. ತಾಯಿಗೆ ಅದರ ಕೊರತೆಯಾದರೆ ಎದೆಹಾಲಿನಲ್ಲೂ ಕೊರತೆ. ಇದರಿಂದ ಎಳೆ ಮಕ್ಕಳಿಗೆ ಏದುಸಿರು, ಧ್ವನಿ ಒಡೆಯುವುದು, ಹೃದಯದ ತೊಂದರೆ ಬಂದ ಪ್ರಕರಣಗಳು ಕರ್ನಾಟಕದಲ್ಲೇ ವರದಿಯಾಗಿವೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕು. ಬೇಳೆ, ಸೊಪ್ಪು, ರಾಗಿ, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು ಎಲ್ಲವೂ ಆಗುತ್ತದೆ.

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ತಪ್ಪೇ?

ಖಂಡಿತ ಅಲ್ಲ. ಬಾಣಂತಿಗೆ ವಿಶ್ರಾಂತಿ, ಮನೆಗೆಲಸದಿಂದ ಬಿಡುವು, ಬಿಸಿ ಊಟ, ಸಬ್ಬಸಿಗೆ ಸೊಪ್ಪು, ಮಿತವಾಗಿ ಅಂಟಿನುಂಡೆ ಇವೆಲ್ಲ ಒಳ್ಳೆಯವೇ. ಕಾಯಿಸಿದ ನೀರನ್ನೇ ಕೊಡಬೇಕು ಎಂಬ ಮಾತೂ ಸರಿ. ಬಾವಿ, ಕೆರೆಯ ನೀರು ನೇರವಾಗಿ ಕುಡಿದರೆ ಭೇದಿಯಾಗುವ ಭಯ ನಿಜವಾಗಿಯೂ ಇತ್ತು. ನೀರು ಕಾಯಿಸುವುದನ್ನು ಬಿಡಬೇಡಿ, ನೀರು ಕೊಡುವುದನ್ನೂ ಬಿಡಬೇಡಿ.

ಎಷ್ಟು ಕುಡಿಯಬೇಕು?

- ಬಾಯಾರಿದಾಗೆಲ್ಲ ಕುಡಿಯಲಿ. ಪ್ರತಿ ಬಾರಿ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಲೋಟ ನೀರು ಇರಲಿ.
- ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ ಎಂದರ್ಥ. ಕಡು ಹಳದಿ ಇದ್ದರೆ ಸಾಲದು.
- ಜೀರಿಗೆ ನೀರು, ಓಂಕಾಳಿನ ನೀರು, ಗಂಜಿ, ಮಜ್ಜಿಗೆ, ಸಾರು ಇವೂ ಲೆಕ್ಕಕ್ಕೆ ಸೇರುತ್ತವೆ.
- ಬಲವಂತವಾಗಿ ಕುಡಿದರೆ ಹಾಲು ಹೆಚ್ಚುವುದಿಲ್ಲ. ಹಾಲು ಹೆಚ್ಚುವುದು ಮಗು ಪದೇ ಪದೇ ಚೀಪುವುದರಿಂದ.
- ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದವರು, ಗರ್ಭಿಣಿಯಾಗಿದ್ದಾಗ ಬಿಪಿ ಹೆಚ್ಚಿದ್ದವರು ವೈದ್ಯರು ಹೇಳಿದ ಅಳತೆ ಪಾಲಿಸಲಿ.
- ಆರು ತಿಂಗಳು ತುಂಬುವವರೆಗೆ ಮಗುವಿಗೆ ಮಾತ್ರ ನೀರು ಬೇಡ. ಎದೆಹಾಲೇ ಸಾಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ತೊಂದರೆ, ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಸಣ್ಣ ಅನುಮಾನಗಳಿದ್ದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3ನೇ ದಿನದಿಂದ 42ನೇ ದಿನದವರೆಗೆ ಆರು ಬಾರಿ ಅವರ ಭೇಟಿ ಇರಬೇಕು.

ನಮ್ಮ ತೀರ್ಮಾನ: ಬಾಣಂತಿಗೆ ನೀರು ಕೊಡಬಾರದು ಎಂಬುದು ತಪ್ಪು, ಅಪಾಯಕಾರಿ ಕೂಡ. ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ಜಗಳ ಬೇಡ, ಈ ಲೇಖನವನ್ನು ಕಳುಹಿಸಿ. ಮನೆಯಲ್ಲಿ ಬಾಣಂತಿ ಇದ್ದರೆ ಮೊದಲು ಒಂದು ಲೋಟ ಕಾಯಿಸಿದ ನೀರು ಕೊಡಿ.