ದೋಣಿ ಸಂಚಾರ ಮತ್ತು ಗಾಳದ ಮೀನುಗಾರಿಕೆ

ನೀರಿನಲ್ಲಿ ಓಡಾಡುವ ದೋಣಿಯ ಸದ್ದು, ಅಲೆ ಮತ್ತು ನೆರಳಿನಿಂದ ಮೀನಿನ ನಡವಳಿಕೆಯಲ್ಲಿ, ಅದರಿಂದ ಗಾಳಗಾರನ ಪಾಲಿನಲ್ಲಿ ಆಗುವ ವ್ಯತ್ಯಾಸ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಸದ್ದು ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಮೀನು ಅದನ್ನು ಒಳಕಿವಿಯಿಂದ ಕೇಳುತ್ತದೆ. ಹತ್ತಿರದ ನೀರಿನ ಅಲುಗಾಟವನ್ನು ಮೈಯ ಇಕ್ಕೆಲದ ಪಾರ್ಶ್ವರೇಖೆಯಿಂದ ಗ್ರಹಿಸುತ್ತದೆ. ಹುಟ್ಟು ದೋಣಿಯ ಅಂಚಿಗೆ ಟಕ್ಕೆಂದು ತಾಗಿದರೂ ಸಾಕು, ಮೀನಿಗೆ ಗೊತ್ತಾಗುತ್ತದೆ.

ಅಮೆರಿಕ ಮೂಲದ ಬಾಸ್ ಮೀನಿನ ಹೃದಯಬಡಿತ ಅಳೆದ, 2008ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹುಟ್ಟು ಹಾಕುವ ದೋಣಿಯ ಸದ್ದಿನಿಂದ ಅದು ಚೇತರಿಸಿಕೊಳ್ಳಲು ಸುಮಾರು 15 ನಿಮಿಷ, ವಿದ್ಯುತ್ ಮೋಟಾರಿನಿಂದ 25, ಪೆಟ್ರೋಲ್ ಇಂಜಿನ್ನಿನಿಂದ 40 ನಿಮಿಷ ಬೇಕಾಯಿತು. ಅಷ್ಟು ಹೊತ್ತು ಮೀನು ಎರೆಗೆ ಬಾಯಿ ಹಾಕುವುದಿಲ್ಲ ಎಂದೇನೂ ಇದರರ್ಥವಲ್ಲ. ದೋಣಿಗಳ ಓಡಾಟಕ್ಕೆ ಒಗ್ಗಿದ ಮೀನುಗಳೂ ಉಂಟು.

ದಕ್ಷಿಣ ಕನ್ನಡದ ಬೆಳ್ಳಾರೆ ಸೀಮೆಯಲ್ಲಿ ಇಂಜಿನ್ ದೋಣಿಯ ಕಾಟವಿಲ್ಲ. ಕುಮಾರಧಾರೆ ಹೊಳೆಯನ್ನು ದಾಟಿಸುತ್ತಿದ್ದುದು ಕಡವಿನ ದೋಣಿ; ಶಾಂತಿಮೊಗರಿನಲ್ಲಿ ಈಗ ಸೇತುವೆಯಿದೆ. ಇಲ್ಲಿ ಎರೆಹುಳು ಸಿಕ್ಕಿಸಿ ಬಂಡೆಯ ಮೇಲೆ ಕೂತವನಿಗೆ ತನ್ನ ಹೆಜ್ಜೆಯ ಸದ್ದೇ ಶತ್ರು. ತೊಡಿಕಾನದ ಮತ್ಸ್ಯತೀರ್ಥದಲ್ಲಿ ಮಾತ್ರ ಇದು ತಲೆಕೆಳಗು: ಅಲ್ಲಿ ಹಿಡಿಯುವವರಿಲ್ಲ, ಆಹಾರ ಹಾಕುವವರೇ ಎಲ್ಲ, ಹಾಗಾಗಿ ದೇವರ ಮೀನುಗಳು ಮನುಷ್ಯರ ಸುಳಿವು ಸಿಕ್ಕರೆ ದಡಕ್ಕೇ ನುಗ್ಗುತ್ತವೆ.

ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಅಳಿವೆ ಮುಟ್ಟುವಾಗ ಚಿತ್ರ ಬೇರೆ. ಉಪ್ಪುನೀರಿಗೂ ಸಿಹಿನೀರಿಗೂ ಹೊಂದಿಕೊಳ್ಳುವ ಸೀಬಾಸ್‌ಗೆ ಅಳಿವೆಯೇ ನೆಲೆ. ಯಾಂತ್ರಿಕ ದೋಣಿಗಳ ದಾರಿಯೂ ಅದೇ. ಕರಾವಳಿಯಲ್ಲಿ ಜೂನ್, ಜುಲೈನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಸದ್ದಿಗಾಗಿ ಅಲ್ಲ, ಮೀನಿನ ಸಂತಾನಕ್ಕಾಗಿ.